ಸಾಯುವ ಬೆಕ್ಕನ್ನು ಬೇರೆ ಕೋಣೆಗೆ ಹಾಕಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ತೋಟದ ಮನೆ. ಐದು ಬೆಕ್ಕುಗಳಿವೆ. ಎಲ್ಲಕ್ಕಿಂತ ಹಿರಿಯದಾದ ಬೆಳ್ಳಿಗೆ 14 ವರ್ಷ. ಎರಡೂ ಮೂತ್ರಪಿಂಡಗಳು ಸೋತಿವೆ, ಇನ್ನು ಹೆಚ್ಚು ದಿನವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಉಳಿದ ನಾಲ್ಕಕ್ಕೂ ಅಂಟುತ್ತದೆ, ಉಗ್ರಾಣದಲ್ಲಿ ಕೂಡಿಹಾಕು ಎನ್ನುತ್ತಾರೆ ನಮ್ಮ ಅತ್ತೆ. ಕೂಡಿಹಾಕಿದರೆ ಅದು ಬಾಗಿಲು ಕೆರೆಯುತ್ತಾ ಕೂಗುತ್ತದೆ. ಏನು ಮಾಡಲಿ?

ಉತ್ತರ: ಉಗ್ರಾಣದ ಬಾಗಿಲು ತೆಗೆಯಿರಿ. ಮೂತ್ರಪಿಂಡದ ವೈಫಲ್ಯ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹರಡುವುದಿಲ್ಲ. ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಮುದಿತನದ ಗಡ್ಡೆಗಳೂ ಅಷ್ಟೇ.

ಹಾಗೆಂದು ನಿಮ್ಮ ಅತ್ತೆಯವರ ಭಯಕ್ಕೆ ಬುಡವಿಲ್ಲವೆಂದು ತಿಳಿಯಬೇಡಿ. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿಭೇದಿಯ ರೋಗ ಹೊಕ್ಕರೆ ಮನೆಯ ಮರಿಗಳೆಲ್ಲ ಒಂದರ ಹಿಂದೊಂದು ಹೋಗಿಬಿಡುತ್ತವೆ. ಅದರ ವೈರಸ್ ನೆಲದಲ್ಲಿ, ಗೋಣಿಯಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು. ಅದನ್ನು ಒಮ್ಮೆ ಕಂಡವರು ಯಾವ ಬೆಕ್ಕು ಮಲಗಿದರೂ ಬೇರೆ ಹಾಕು ಎನ್ನುತ್ತಾರೆ. ಬೆಕ್ಕುಗಳ ಲ್ಯುಕೀಮಿಯಾ ವೈರಸ್ ಎಂಜಲಿನಿಂದ, ಪರಸ್ಪರ ನೆಕ್ಕುವುದರಿಂದ ದಾಟುತ್ತದೆ. ಬೆಕ್ಕುಗಳ ಏಡ್ಸ್ ಎಂದು ಕರೆಯುವ ಇನ್ನೊಂದು ಸೋಂಕು ಹೆಚ್ಚಾಗಿ ಜಗಳದ ಆಳವಾದ ಕಡಿತದಿಂದ ಬರುತ್ತದೆ. ಬೆಳ್ಳಿಗೆ ಈ ಎರಡರ ರಕ್ತಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಒಂದು ಮಾತು ಕೇಳಿ. ಪರೀಕ್ಷೆಯಲ್ಲಿ ಆ ಸೋಂಕುಗಳು ಇಲ್ಲವೆಂದಾದರೆ ಅದು ಜಗುಲಿಯಲ್ಲೇ ಇರಲಿ.

ಬೇರೆ ಮಾಡಬೇಕಾದದ್ದು ತಟ್ಟೆಯನ್ನು. ಬೆಕ್ಕುಗಳು ಹೊಡೆದಾಡಿಯೇ ದಬ್ಬಾಳಿಕೆ ಮಾಡುತ್ತವೆ ಎಂದೇನಿಲ್ಲ. ಪ್ರಾಯದ ಗಂಡುಬೆಕ್ಕೊಂದು ಅಡುಗೆಮನೆಯ ಹೊಸ್ತಿಲ ಮೇಲೆ ಕಣ್ಣು ಅರೆಮುಚ್ಚಿ ಕುಳಿತರೆ ಸಾಕು, ನಿತ್ರಾಣದ ಬೆಕ್ಕು ಹಸಿದುಕೊಂಡೇ ಹಿಂದೆ ಹೋಗುತ್ತದೆ. ನೋಡುವವರಿಗೆ ‘ಅದಕ್ಕೆ ಊಟ ಸೇರುತ್ತಿಲ್ಲ’ ಎನ್ನಿಸುತ್ತದೆ. ನಮ್ಮ ಮನೆಯ ಕೆಂಚನ ಕೊನೆಯ ತಿಂಗಳಿನಲ್ಲಿ ನಾನು ಹತ್ತು ದಿನ ಹೀಗೆಯೇ ಮೋಸಹೋದೆ. ತಟ್ಟೆ ಖಾಲಿಯಾಗುತ್ತಿತ್ತು, ಕೆಂಚ ಸೊರಗುತ್ತಿದ್ದ. ತಿನ್ನುತ್ತಿದ್ದವನು ಬೇರೆಯವನು.

ಆದ್ದರಿಂದ ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವೇ, ಬಾಗಿಲು ಮುಚ್ಚಿ, ನೀವು ಪಕ್ಕದಲ್ಲಿ ಕುಳಿತು ಉಣಿಸಿ. ಕಾಲು ಗಂಟೆ ಸಾಕು, ಆಮೇಲೆ ಬಾಗಿಲು ತೆಗೆಯಿರಿ. ಊಟ ಉಗುರುಬೆಚ್ಚಗಿದ್ದರೆ ವಾಸನೆ ಏಳುತ್ತದೆ. ಬೆಕ್ಕು ನಾಲಿಗೆಗಿಂತ ಮೂಗಿನಿಂದ ಉಣ್ಣುವ ಪ್ರಾಣಿ. ಮೂತ್ರಪಿಂಡದ ಬೆಕ್ಕಿಗೆ ರಂಜಕ ಕಡಿಮೆಯಿರುವ ವಿಶೇಷ ಆಹಾರ ಸಿಗುತ್ತದೆ. ಒಳ್ಳೆಯದೇ. ಆದರೆ ಬೆಳ್ಳಿ ಅದನ್ನು ಮೂಸಿ ಮುಖ ತಿರುಗಿಸಿದರೆ ಹಟ ಹಿಡಿಯಬೇಡಿ. ಬೆಕ್ಕು ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಇನ್ನೊಂದು ಕಾಯಿಲೆ ಶುರುವಾಗುತ್ತದೆ. ಈ ಹಂತದಲ್ಲಿ ಪಥ್ಯಕ್ಕಿಂತ ತುತ್ತು ದೊಡ್ಡದು. ಉಪ್ಪು ಹಾಕದೆ ಬೇಯಿಸಿದ ಮೀನೋ ಕೋಳಿಯೋ, ಯಾವುದು ಇಳಿದರೆ ಅದು. ಉಪ್ಪಿನ ಒಣಮೀನು ಮಾತ್ರ ಬೇಡ. ಹಾಲು ಹಲವು ದೊಡ್ಡ ಬೆಕ್ಕುಗಳಿಗೆ ಭೇದಿ ತರಿಸುತ್ತದೆ, ನೀರು ಬತ್ತುತ್ತಿರುವ ದೇಹಕ್ಕೆ ಅದು ಆಗದು. ನೀರನ್ನು ಮೂರು ನಾಲ್ಕು ಕಡೆ ಇಡಿ. ವೈದ್ಯರು ಒಪ್ಪಿದರೆ ಚರ್ಮದಡಿ ಡ್ರಿಪ್ ಕೊಡುವುದನ್ನು ಮನೆಯಲ್ಲೇ ಕಲಿಯಬಹುದು, ನೋಡುವಷ್ಟು ಕಷ್ಟವಿಲ್ಲ.

ಈ ಕಾಯಿಲೆಯ ಬೆಕ್ಕು ಮೇಲಿಂದ ಮೇಲೆ ಮೂತ್ರ ಮಾಡುತ್ತದೆ. ಆಷಾಢದ ಮಳೆಯಲ್ಲಿ ಅಂಗಳ ದಾಟಿ ಹೋಗು ಎಂದರೆ ಹೇಗೆ? ಅಗಲವಾದ ಅಡಿಕೆ ಹಾಳೆಯಲ್ಲಿ ಒಣ ಮರಳು ಹರಡಿ ಅದು ಮಲಗುವಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿಡಿ. ಅಂಚು ತಗ್ಗಾದ್ದರಿಂದ ಕಾಲೆತ್ತುವ ಕಷ್ಟವಿಲ್ಲ, ಹಾಳಾದರೆ ಗೊಬ್ಬರದ ಗುಂಡಿಗೆ. ಪೇಟೆಯ ಪ್ಲಾಸ್ಟಿಕ್ ತಟ್ಟೆಗಿಂತ ನನಗೆ ಇದೇ ಹಿಡಿಸಿದೆ.

ಮಲಗಲು ಬೆಕ್ಕು ಬಚ್ಚಲೊಲೆಯ ಬುಡವನ್ನೇ ಹುಡುಕುತ್ತದೆ. ಗಟ್ಟಿಯಿದ್ದಾಗ ಬಿಸಿ ತಾಗಿದರೆ ಎದ್ದು ಹೋಗುತ್ತಿತ್ತು, ಈಗ ಏಳಲಾರದೆ ಸುಟ್ಟುಕೊಳ್ಳಬಹುದು. ಒಲೆಯಿಂದ ದೂರದಲ್ಲಿ ಗೋಣಿಯ ಮೇಲೆ ಹಳೆಯ ಕಂಬಳಿ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಂದು ಬದಿಗಿಡಿ. ಮೂಲೆಯಾದರೂ ಎರಡು ಕಡೆಯಿಂದ ಹೊರಬರಲು ದಾರಿಯಿರಲಿ. ಒಂದೇ ದಾರಿಯಿದ್ದರೆ ಅಲ್ಲಿ ಆ ಗಂಡುಬೆಕ್ಕು ಕುಳಿತಿರುತ್ತದೆ.

ಆಸ್ಪತ್ರೆಯಿಂದ ಬಂದ ದಿನ ಉಳಿದವು ಬುಸುಗುಟ್ಟಿದರೆ ಗಾಬರಿ ಬೇಡ. ಔಷಧದ ವಾಸನೆಗೆ ಗುರುತು ತಪ್ಪಿರುತ್ತದೆ. ಅವು ಮಲಗುವ ಬಟ್ಟೆಯಿಂದ ಬೆಳ್ಳಿಯನ್ನು ಒರೆಸಿ. ನೋವಿಗೆಂದು ಮನೆಯ ಪ್ಯಾರಸಿಟಮಾಲ್ ಚೂರನ್ನೂ ಕೊಡಬೇಡಿ. ಅದನ್ನು ಕರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ, ಒಂದು ಮಾತ್ರೆಯೇ ಕೊಲ್ಲುತ್ತದೆ.

‘ಬೆಕ್ಕು ಸಾಯುವ ಕಾಲಕ್ಕೆ ಮನೆ ಬಿಟ್ಟು ಹೋಗುತ್ತದೆ, ತಡೆಯಬಾರದು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿತ್ರಾಣವಾದ ಬೆಕ್ಕು ಶತ್ರುವಿನ ಕಣ್ಣು ತಪ್ಪಿಸಲು ಅಡಗುತ್ತದೆ, ಆಮೇಲೆ ತೋಟದ ಕಪ್ಪಿನಲ್ಲಿ ನೆನೆದು ನಡುಗುತ್ತದೆ. ಕತ್ತಲಾಗುವ ಮೊದಲು ಒಳಗೆ ತನ್ನಿ.

ನೀವು ಕೇಳದ ಪ್ರಶ್ನೆಯೂ ಒಂದಿದೆ. ಒಂದು ಕ್ಯಾಲೆಂಡರಿನಲ್ಲಿ ದಿನಾ ಸಂಜೆ ಗುರುತು ಹಾಕಿ: ತಿಂದಿತೇ, ಮೈ ನೆಕ್ಕಿಕೊಂಡಿತೇ, ಕರೆದರೆ ತಲೆಯೆತ್ತಿತೇ. ಕೆಟ್ಟ ದಿನಗಳು ಒಳ್ಳೆಯ ದಿನಗಳನ್ನು ಮೀರಿದಾಗ ವೈದ್ಯರ ಹತ್ತಿರ ದಯಾಮರಣದ ಮಾತೆತ್ತಿ. ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತು ಮನೆಯಲ್ಲಿ ಬಂದೇ ಬರುತ್ತದೆ. ಬದುಕಿಸಿಡುವುದೇ ಹಿಂಸೆಯಾಗುವಂಥ ಪ್ರಾಣಿಗೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯೂ ಈ ದಾರಿ ಬಿಟ್ಟಿದೆ. ಮೊದಲು ಮಂಪರು, ಆಮೇಲೆ ಅರಿವಳಿಕೆಯ ಹೆಚ್ಚಿನ ಪ್ರಮಾಣ. ಅದಕ್ಕೆ ನಿದ್ದೆ ಬಂದಷ್ಟೇ ತಿಳಿಯುತ್ತದೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಪರೀಕ್ಷೆಗೆ ಒಮ್ಮೆ ಹೋಗುವುದು ಸರಿ. ಕೊನೆಯ ದಿನ ಮಾತ್ರ ಸುಮಾರು 60 ಕಿಲೋಮೀಟರು ಬಸ್ಸಿನಲ್ಲಿ ಕುಲುಕಿಸಬೇಡಿ. ಹತ್ತಿರದ ವೈದ್ಯರನ್ನೇ ಮನೆಗೆ ಬರುವಂತೆ ಕೇಳಿಕೊಳ್ಳಿ.

ಆಮೇಲೆ ದೇಹವನ್ನು ಸ್ವಲ್ಪ ಹೊತ್ತು ಜಗುಲಿಯಲ್ಲೇ ಬಿಡಿ, ಉಳಿದ ನಾಲ್ಕು ಬಂದು ಮೂಸಲಿ. ಕೆಲವು ಒಂದೆರಡು ವಾರ ಹುಡುಕುತ್ತಾ ಕೂಗುತ್ತವೆ, ಕೆಲವು ಅದೇ ಸಂಜೆ ಆ ಕಂಬಳಿಯ ಮೇಲೆ ಮಲಗುತ್ತವೆ. ಬಾವಿಯಿಂದ ದೂರದಲ್ಲಿ ಮೂರು ಅಡಿಗೆ ಕಡಿಮೆಯಿಲ್ಲದ ಗುಂಡಿ ತೋಡಿಸಿ ಮೇಲೊಂದು ಕಲ್ಲು ಹೇರಿ. ಚುಚ್ಚುಮದ್ದಿನ ವಿಷ ದೇಹದಲ್ಲಿ ಉಳಿದಿರುತ್ತದೆ, ನಾಯಿಯೋ ನರಿಯೋ ಕೆದರಿ ತಿಂದರೆ ಅದೂ ಸಾಯುತ್ತದೆ. ಮಳೆಗಾಲವಾದರೆ ಎರಡು ದಿನ ಬಿಟ್ಟು ಹೋಗಿ ನೋಡಿ, ಮಣ್ಣು ಕುಸಿದಿರುತ್ತದೆ.