ಶೈಲಿಯ ವಯಸ್ಸು, ಕಲ್ಲಿನ ವಯಸ್ಸು: ಜರ್ಮನಿಯ ಗಾಥಿಕ್ ಮತ್ತು ಬರೋಕ್ ಕಟ್ಟಡಗಳನ್ನು ನೋಡುವ ಬಗೆ

ಮೊನಚು ಕಮಾನಿದ್ದರೆ ಮಧ್ಯಯುಗದ ಗಾಥಿಕ್, ಬಾಗು ಬಳುಕುಗಳೂ ಗಾರೆಯ ಅಲಂಕಾರವೂ ತುಂಬಿದ್ದರೆ 17–18ನೆಯ ಶತಮಾನಗಳ ಬರೋಕ್ ಎಂಬ ಪಾಠದಿಂದಲೇ ನಮ್ಮಲ್ಲಿ ಬಹುತೇಕರ ಕಟ್ಟಡಕಲೆಯ ಅಭ್ಯಾಸ ಆರಂಭವಾಗುತ್ತದೆ. ಪಾಠ ತಪ್ಪಲ್ಲ. ಆದರೆ ಅದೊಂದನ್ನೇ ನೆಚ್ಚಿಕೊಂಡು ಜರ್ಮನಿಯ ನಗರಗಳಿಗೆ ಹೋದರೆ, 19ನೆಯ ಶತಮಾನದ ಗೋಪುರವನ್ನು ಮಧ್ಯಯುಗದ್ದೆಂದೂ 21ನೆಯ ಶತಮಾನದ ಗುಮ್ಮಟವನ್ನು 18ನೆಯದ್ದೆಂದೂ ನಂಬಿ ಮರಳುವ ಸಾಧ್ಯತೆಯೇ ಹೆಚ್ಚು. ಕಟ್ಟಡದ ಮುಂದೆ ನಿಂತಾಗ ಅದರ ಶೈಲಿ ಯಾವ ಕಾಲದ್ದು, ಕಣ್ಣೆದುರಿನ ಕಲ್ಲು ಯಾವ ಕಾಲದ್ದು ಎಂಬ ಎರಡು ಪ್ರಶ್ನೆಗಳನ್ನೂ ಬೇರೆಬೇರೆಯಾಗಿ ಕೇಳಿಕೊಳ್ಳಬೇಕು.

ಇದಕ್ಕೆ ಕೊಲೋನ್ ಕೆಥೆಡ್ರಲ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಫ್ರಾನ್ಸಿನ ಆಮಿಯಾಂ ಕೆಥೆಡ್ರಲ್ಲಿನ ಮಾದರಿಯನ್ನು ಮುಂದಿಟ್ಟುಕೊಂಡು ಇದಕ್ಕೆ 1248ರಲ್ಲಿ ಅಡಿಗಲ್ಲು ಹಾಕಲಾಯಿತು. ಅರ್ಧವೃತ್ತದ ಕಮಾನಿಗೆ ಹೋಲಿಸಿದರೆ ಮೊನಚು ಕಮಾನು ಪಕ್ಕಕ್ಕೆ ತಳ್ಳುವುದು ಕಡಿಮೆ. ಚಾವಣಿಯ ಭಾರ ಪಕ್ಕೆಲುಬುಗಳಂಥ ಕಲ್ಲಿನ ಪಟ್ಟಿಗಳ ಮೂಲಕ ಕಂಬಗಳಿಗೆ ಇಳಿಯುತ್ತದೆ, ಉಳಿದ ಒತ್ತಡವನ್ನು ಹೊರಗಿನಿಂದ ಆನಿಸಿ ನಿಲ್ಲಿಸಿದ ಹಾರುಗಮಾನುಗಳು ಹೊತ್ತುಕೊಳ್ಳುತ್ತವೆ. ಹೀಗೆ ಭಾರದಿಂದ ಬಿಡುಗಡೆಯಾದ ಗೋಡೆಯ ಜಾಗವನ್ನು ಬಣ್ಣದ ಗಾಜು ತುಂಬುತ್ತದೆ. ಒಳಗೆ ಚಾವಣಿ ಸುಮಾರು 43 ಮೀಟರ್ ಎತ್ತರದಲ್ಲಿದ್ದರೂ ಕಂಬಗಳು ತೆಳುವಾಗಿ ಕಾಣುವುದರ ಗುಟ್ಟು ಹೊರಗಿರುವ ಈ ಆನಿಕೆಗಳಲ್ಲಿದೆ. ಆದ್ದರಿಂದ ಒಳಗೆ ನೋಡಿದ ಮೇಲೆ ಹೊರಗೊಂದು ಸುತ್ತು ಹಾಕದಿದ್ದರೆ ಗಾಥಿಕ್ ಅರ್ಧವೇ ಅರ್ಥವಾದಂತೆ.

ಪೂರ್ವ ತುದಿಯ ಬಲಿಪೀಠದ ಭಾಗ 1322ರಲ್ಲಿ ಪ್ರತಿಷ್ಠಾಪನೆಯಾಯಿತು. 16ನೆಯ ಶತಮಾನದಲ್ಲಿ ಕೆಲಸ ನಿಂತೇಹೋಯಿತು. ಅರೆಬರೆ ದಕ್ಷಿಣ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಕ್ರೇನ್ ಶತಮಾನಗಳ ಕಾಲ ಹಾಗೆಯೇ ನಿಂತು, ಕೊಲೋನ್ ನಗರದ ಗುರುತೇ ಆಗಿಬಿಟ್ಟಿತ್ತು. ಪಶ್ಚಿಮ ಮುಖದ ಮಧ್ಯಯುಗೀನ ನಕ್ಷೆ, ನಾಲ್ಕು ಮೀಟರ್‌ಗೂ ಉದ್ದದ ಚರ್ಮಪತ್ರ, 1814 ಮತ್ತು 1816ರಲ್ಲಿ ಎರಡು ತುಂಡುಗಳಾಗಿ ಮತ್ತೆ ದೊರೆಯಿತು. 1842ರಲ್ಲಿ ಕೆಲಸ ಪುನಃ ಆರಂಭವಾಗಿ 1880ರಲ್ಲಿ ಮುಗಿಯಿತು. ಆದ್ದರಿಂದ ಎಲ್ಲರೂ ಫೋಟೋ ತೆಗೆಯುವ 157 ಮೀಟರ್‌ಗಳ ಜೋಡಿ ಗೋಪುರ ಮಧ್ಯಯುಗದ ಯೋಜನೆ, ಆದರೆ ಬಹುಮಟ್ಟಿಗೆ 19ನೆಯ ಶತಮಾನದ ಕಲ್ಲು. ಮೇಲ್ಛಾವಣಿಯ ಚೌಕಟ್ಟಂತೂ ಕಬ್ಬಿಣದ್ದು. ಹಳೆಯ ಕೆಲಸ ನೋಡಬೇಕಾದವರು ಪೂರ್ವ ತುದಿಗೂ ದಕ್ಷಿಣ ಗೋಪುರದ ಬುಡಕ್ಕೂ ಹೋಗಬೇಕು. (ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ಮಾದರಿ ಎನ್ನುವುದೂ ಈ ಜೋಡಿ ಗೋಪುರಗಳನ್ನೇ.)

ಮಧ್ಯಯುಗದಲ್ಲೇ ಪೂರ್ಣಗೊಂಡ ಗೋಪುರ ಬೇಕಾದರೆ ಫ್ರೈಬುರ್ಗ್‌ಗೆ ಹೋಗಬೇಕು. ಸುಮಾರು 1330ರಲ್ಲಿ ಮುಗಿದ ಅಲ್ಲಿನ 116 ಮೀಟರ್ ಗೋಪುರದ ಶಿಖರ ಕಲ್ಲಿನ ಜಾಲಂದರದಂತಿದ್ದು, ಅದರ ಮೂಲಕ ಆಕಾಶವೇ ಕಾಣುತ್ತದೆ. 1944ರ ನವೆಂಬರ್ ಬಾಂಬ್ ದಾಳಿಯಲ್ಲಿ ಸುತ್ತಲಿನ ಊರು ನೆಲಸಮವಾದರೂ ಇದು ಉಳಿಯಿತು. ಉತ್ತರದ ಲ್ಯೂಬೆಕ್‌ನಲ್ಲಿ ಕಟ್ಟಡಕ್ಕೊದಗುವ ಕಲ್ಲು ವಿರಳವಾದ್ದರಿಂದ ಅದೇ ಗಾಥಿಕ್ ಇಟ್ಟಿಗೆಯಲ್ಲಿ ಎದ್ದಿದೆ. ಅಲ್ಲಿನ ಸಂತ ಮೇರಿ ಚರ್ಚಿನಲ್ಲಿ 1942ರ ದಾಳಿಯಂದು ಕೆಳಗೆ ಬಿದ್ದು ಒಡೆದ ಗಂಟೆಗಳನ್ನು ಬಿದ್ದಲ್ಲೇ ಇರಿಸಲಾಗಿದೆ.

ಗಾಥಿಕ್ ಭಾರ ಇಳಿಯುವ ದಾರಿಯನ್ನು ತೋರಿಸುತ್ತದೆ. ಬರೋಕ್ ಅದನ್ನು ಮರೆಸುತ್ತದೆ. ವ್ಯುರ್ಟ್ಸ್‌ಬುರ್ಗ್‌ನ ಅರಮನೆಯಲ್ಲಿ ಬಾಲ್ತಸಾರ್ ನೊಯ್‌ಮನ್ ಕಟ್ಟಿದ ಮೆಟ್ಟಿಲು ಸಭಾಂಗಣದ ವಿಶಾಲ ಕಮಾನು ಚಾವಣಿಗೆ ನಡುವೆ ಒಂದೂ ಕಂಬವಿಲ್ಲ. ಅದರ ಮೇಲೆ 1752–53ರಲ್ಲಿ ಇಟಲಿಯ ತಿಯೆಪೊಲೊ ನಾಲ್ಕು ಖಂಡಗಳನ್ನು ಸ್ತ್ರೀರೂಪದಲ್ಲಿ ಚಿತ್ರಿಸಿದನು. ಕೆಳಗೆ ನಿಂತವನಿಗೆ ಚಿತ್ರ ಪೂರ್ತಿಯಾಗಿ ಕಾಣುವುದಿಲ್ಲ, ಅದೇ ಇಲ್ಲಿನ ಜಾಣ್ಮೆ: ಮೊದಲ ಸಾಲು ಮೆಟ್ಟಿಲು ಹತ್ತುವಾಗ ಮೊಸಳೆಯ ಮೇಲೆ ಕುಳಿತ ಅಮೆರಿಕ ಎದುರಾಗುತ್ತದೆ, ಆಚೀಚೆ ಆಫ್ರಿಕ ಮತ್ತು ಆನೆಯೇರಿದ ಏಷ್ಯಾ ತೆರೆದುಕೊಳ್ಳುತ್ತವೆ, ನಡುವಿನ ಹಂತದಲ್ಲಿ ಮೆಟ್ಟಿಲು ಎರಡಾಗಿ ಹಿಂದಕ್ಕೆ ತಿರುಗಿದಾಗಲೇ ಯುರೋಪ್ ಕಣ್ಣಿಗೆ ಬೀಳುವುದು. ಆ ಯುರೋಪಿನ ಅಂಚಿನಲ್ಲಿ, ಫಿರಂಗಿಯ ಮೇಲೆ ನೊಯ್‌ಮನ್ನನೇ ಒರಗಿ ಕುಳಿತಿದ್ದಾನೆ. ಹತ್ತುವವನ ನಡಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಗುಣವನ್ನು ನಾನು ಬರೋಕ್‌ನ ಮುಖ್ಯ ಲಕ್ಷಣವೆಂದು ಎಣಿಸುತ್ತೇನೆ. ಚಿನ್ನದ ಲೇಪ, ಗಾರೆಯ ಬಳ್ಳಿಗಳೆಲ್ಲ ಆಮೇಲಿನ ಮಾತು. 1945ರ ಮಾರ್ಚ್ 16ರ ದಾಳಿಯಲ್ಲಿ ಅರಮನೆಯ ಬಹುಭಾಗ ಸುಟ್ಟರೂ ಈ ಚಾವಣಿ ಕುಸಿಯಲಿಲ್ಲ.

ಡ್ರೆಸ್ಡೆನ್‌ನ ಫ್ರೌಯೆನ್‌ಕಿರ್ಖೆಗೆ ಆ ಭಾಗ್ಯವಿರಲಿಲ್ಲ. ಗೇಯೋರ್ಗ್ ಬೇರ್ ವಿನ್ಯಾಸಗೊಳಿಸಿ 1726–43ರಲ್ಲಿ ಕಟ್ಟಲಾದ ಈ ಲೂಥರನ್ ಚರ್ಚಿನ ಗುಮ್ಮಟ ಮರದ್ದಲ್ಲ, ಮರಳುಗಲ್ಲಿನದು. 1945ರ ಫೆಬ್ರುವರಿ 13ರ ರಾತ್ರಿ ಆರಂಭವಾದ ದಾಳಿಯ ಬೆಂಕಿಯಲ್ಲಿ ಕಾದ ಕಂಬಗಳು 15ರ ಬೆಳಿಗ್ಗೆ ಸೋತು, ಗುಮ್ಮಟ ಕುಸಿಯಿತು. ದಶಕಗಳ ಕಾಲ ರಾಶಿಯಾಗಿಯೇ ಬಿದ್ದಿದ್ದ ಕಲ್ಲುಗಳನ್ನು ಒಂದೊಂದಾಗಿ ಗುರುತಿಸಿ, ಬಳಸಬಹುದಾದವನ್ನು ಮತ್ತೆ ಸೇರಿಸಿ 1994ರಿಂದ 2005ರವರೆಗೆ ಚರ್ಚನ್ನು ಪುನಃ ಕಟ್ಟಿದರು. ತಿಳಿ ಬಣ್ಣದ ಹೊಸ ಗೋಡೆಯಲ್ಲಿ ಅಲ್ಲಲ್ಲಿ ಕಪ್ಪು ಕಲ್ಲುಗಳು ಕಾಣುತ್ತವೆ, ಅವು ಹಳೆಯವು. ಎಲ್ಲವೂ ಬೆಂಕಿಯ ಮಸಿಯೆಂದು ಭಾವಿಸಬೇಕಿಲ್ಲ, ಈ ಮರಳುಗಲ್ಲು ಗಾಳಿಮಳೆಗೆ ತಾನಾಗಿಯೇ ಕಪ್ಪಾಗುವಂಥದ್ದು. ಹೊಸ ಕಲ್ಲುಗಳೂ ನಿಧಾನವಾಗಿ ಕಪ್ಪಾಗುತ್ತಿರುವುದರಿಂದ, ಹಳತು ಹೊಸತನ್ನು ಬರಿಗಣ್ಣಿನಿಂದ ಬೇರ್ಪಡಿಸುವ ಅಭ್ಯಾಸಕ್ಕೆ ಈಗಲೇ ಸರಿಯಾದ ಸಮಯ.