ಬೆಲ್: 336 ಮತಗಳಲ್ಲಿ ಕೈತಪ್ಪಿದ ಊರು

2008ರಲ್ಲಿ ಕ್ಯಾಲಿಫೋರ್ನಿಯಾದ ಬೆಲ್ ಎಂಬ ಊರಿನ ನಿವಾಸಿಯೊಬ್ಬರು ನಗರಸಭೆಯಲ್ಲಿ ಒಂದು ಮಾಹಿತಿ ಕೇಳಿದರು. ನಮ್ಮ ಕೌನ್ಸಿಲ್ ಸದಸ್ಯರಿಗೆ, ಸಿಟಿ ಮ್ಯಾನೇಜರ್‌ಗೆ ಸಂಬಳ ಎಷ್ಟು? ಅವರ ಕೈಗೆ ಬಂದ ಕಾಗದದಲ್ಲಿ ಸದಸ್ಯರಿಗೆ ತಿಂಗಳಿಗೆ 673 ಡಾಲರ್, ಮ್ಯಾನೇಜರ್ ರಾಬರ್ಟ್ ರಿಜೊಗೆ 15,478 ಡಾಲರ್ ಎಂದಿತ್ತು. ಎರಡೂ ಲೆಕ್ಕ ಸುಳ್ಳು. ನಿಜವಾದ ಮೊತ್ತ ಅದರ ಹಲವು ಪಟ್ಟು. 2010ರ ಹೊತ್ತಿಗೆ ನಾಲ್ವರು ಸದಸ್ಯರು ವರ್ಷಕ್ಕೆ ತಲಾ ಲಕ್ಷ ಡಾಲರ್ ಹತ್ತಿರ ಪಡೆಯುತ್ತಿದ್ದರು. ರಿಜೊ ಮೂಲ ಸಂಬಳವೇ 7,87,637 ಡಾಲರ್. ಅಮೆರಿಕದ ಅಧ್ಯಕ್ಷರಿಗೆ ಆಗ ಸಿಗುತ್ತಿದ್ದುದು 4 ಲಕ್ಷ.

ಬೆಲ್ ದೊಡ್ಡ ಊರೇನಲ್ಲ. ಲಾಸ್ ಏಂಜಲೀಸ್‌ನ ಆಗ್ನೇಯಕ್ಕೆ, ಸುಮಾರು ಆರೂವರೆ ಚದರ ಕಿಲೋಮೀಟರ್ ಜಾಗ. 2010ರ ಜನಗಣತಿಯಲ್ಲಿ ಅಲ್ಲಿದ್ದವರು 35,477 ಜನ, ನೂರಕ್ಕೆ 93ರಷ್ಟು ಹಿಸ್ಪಾನಿಕ್ ಮೂಲದವರು. ಜಿಲ್ಲೆಯ ಅತಿ ಬಡ ಊರುಗಳಲ್ಲೊಂದು. ಇಂಥ ಊರಿನ ಬೊಕ್ಕಸದಿಂದ ಇಷ್ಟು ಹಣ ಹರಿದುಹೋಗುವಾಗ ಯಾರಿಗೂ ಕಾಣಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಉತ್ತರಕ್ಕೆ ಊರಿನ ಹಳೆಯ ಕಥೆಗೆ ಹೋಗಬೇಕು.

ಬೆಲ್, ಸೌತ್ ಗೇಟ್, ಹಂಟಿಂಗ್ಟನ್ ಪಾರ್ಕ್, ಮೇವುಡ್, ಕಡಹಿ. ಒಂದಕ್ಕೊಂದು ಅಂಟಿಕೊಂಡ ಈ ಪುಟ್ಟ ನಗರಗಳು ಒಂದು ಕಾಲಕ್ಕೆ ಬಿಳಿಯ ಕಾರ್ಮಿಕರ ಊರುಗಳು. ಒಕ್ಲಹೋಮದ ಕಡೆಯಿಂದ ಬರಗಾಲಕ್ಕೆ ಬೇಸತ್ತು ಬಂದವರು ಇಲ್ಲಿ ಕಾರ್ಖಾನೆ ಸೇರಿದರು, ಸಣ್ಣ ಮನೆ ಕಟ್ಟಿಕೊಂಡರು. ಮನೆ ಪತ್ರದಲ್ಲೇ ಕರಿಯರಿಗೆ ಮಾರಕೂಡದೆಂಬ ಷರತ್ತು ಬರೆಯುತ್ತಿದ್ದರು. 1948ರಲ್ಲಿ ಸುಪ್ರೀಂ ಕೋರ್ಟ್ ಅಂಥ ಷರತ್ತನ್ನು ನ್ಯಾಯಾಲಯಗಳು ಜಾರಿ ಮಾಡಕೂಡದು ಎಂದಿತು, ಆದರೆ ಅಲಮೀಡಾ ರಸ್ತೆ ಬಹಳ ಕಾಲ ಗೋಡೆಯಾಗಿಯೇ ಉಳಿಯಿತು: ಆಚೆ ವಾಟ್ಸ್‌ನ ಕಪ್ಪು ಜನ, ಈಚೆ ಬಿಳಿಯರು.

1965ರ ದಂಗೆಯಲ್ಲಿ ವಾಟ್ಸ್ ಹೊತ್ತಿ ಉರಿದ ಮೇಲೆ ಬಿಳಿಯರು ದೂರದ ಬಡಾವಣೆಗಳತ್ತ ಹೊರಟರು. ಉಳಿದವರನ್ನು ಕಾರ್ಖಾನೆಗಳೇ ಹೊರಗಟ್ಟಿದವು. 1980ರಲ್ಲಿ ಸೌತ್ ಗೇಟ್‌ನ ಫೈರ್‌ಸ್ಟೋನ್ ಟೈರ್ ಕಾರ್ಖಾನೆ ಮುಚ್ಚಿತು. 1982ರಲ್ಲಿ ಜನರಲ್ ಮೋಟರ್ಸ್ ಘಟಕ, ಅದೇ ವರ್ಷ ವರ್ನನ್‌ನ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ. ಖಾಲಿಯಾದ ಮನೆಗಳಿಗೆ ಮೆಕ್ಸಿಕೊದಿಂದ, ಅಂತರ್ಯುದ್ಧದಿಂದ ತಪ್ಪಿಸಿಕೊಂಡ ಎಲ್ ಸಾಲ್ವಡಾರ್‌ನಿಂದ ಜನ ಬಂದರು. ಸಂಘಟಿತ ಕಾರ್ಮಿಕರ ಒಳ್ಳೆಯ ಕೂಲಿಯ ಕೆಲಸ ಹೋಗಿತ್ತು. ಇವರಿಗೆ ಸಿಕ್ಕಿದ್ದು ಬಟ್ಟೆ ಹೊಲಿಗೆ, ಮಾಂಸ ಕತ್ತರಿಸುವ ಕೆಲಸ, ಗೋದಾಮು. ಒಬ್ಬರ ಮನೆಯಲ್ಲಿ ಮೂರು ಸಂಸಾರ, ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಇನ್ನೊಂದು.

ಊರಿನ ಜನ ಬದಲಾದರು. ಮತದಾರರ ಪಟ್ಟಿ ಆ ವೇಗದಲ್ಲಿ ಬದಲಾಗಲಿಲ್ಲ. ನಿವಾಸಿಗಳಲ್ಲಿ ಸುಮಾರು ಅರ್ಧದಷ್ಟು ಜನ ಬೇರೆ ದೇಶದಲ್ಲಿ ಹುಟ್ಟಿದವರು. ಪೌರತ್ವ ಇಲ್ಲದವರಿಗೆ ಮತವಿಲ್ಲ, ಕಾಗದಪತ್ರ ಇಲ್ಲದವರಿಗೆ ದೂರು ಕೊಡುವ ಧೈರ್ಯವೂ ಇಲ್ಲ. ಎರಡು ಪಾಳಿ ದುಡಿದು ಬಂದವರು ಸಂಜೆ ಕೌನ್ಸಿಲ್ ಸಭೆಗೆ ಹೋಗಿ ಕೂರುವುದೆಲ್ಲಿ ಬಂತು? ಸಭೆಯ ವರದಿ ಬರೆಯಲು ಊರಿಗೊಂದು ದಿನಪತ್ರಿಕೆಯೂ ಇರಲಿಲ್ಲ. ಬೆಲ್‌ನ ಜನ ಸೋಮಾರಿಗಳು, ತಮಗೆ ಬೇಕಾದ್ದನ್ನು ತಾವೇ ತಂದುಕೊಂಡರು ಎನ್ನುವವರ ಮಾತು ನನಗೆ ನೋವು ತರುತ್ತದೆ. ನೋಡುವ ಕಣ್ಣುಗಳನ್ನು ಒಂದೊಂದಾಗಿ ಕಳೆದುಕೊಂಡ ಊರು ಅದು.

ರಿಜೊ ಬೆಲ್‌ಗೆ ಬಂದದ್ದು 1993ರಲ್ಲಿ, 72,000 ಡಾಲರ್ ಸಂಬಳಕ್ಕೆ. ಅಮೆರಿಕದ ಇಂಥ ಊರುಗಳಲ್ಲಿ ಮೇಯರ್ ಹುದ್ದೆ ಹೆಸರಿಗಷ್ಟೇ. ಆಡಳಿತ ನಡೆಸುವುದು ಕೌನ್ಸಿಲ್ ನೇಮಿಸಿದ ಸಿಟಿ ಮ್ಯಾನೇಜರ್. ಮ್ಯಾನೇಜರ್ ಸಂಬಳಕ್ಕೆ ಕೌನ್ಸಿಲ್ ಕೈಯೆತ್ತಬೇಕು, ಕೌನ್ಸಿಲ್ ಭತ್ಯೆಯ ಕಡತ ಮ್ಯಾನೇಜರ್ ಮೇಜಿನಿಂದ ಬರಬೇಕು. ಇಬ್ಬರೂ ಒಂದಾದರೆ ತಡೆಯುವವರು ಯಾರು?

ತಡೆ ಹಾಕಲು ರಾಜ್ಯ ಸರ್ಕಾರ ಒಮ್ಮೆ ಪ್ರಯತ್ನಿಸಿತ್ತು. ಪಕ್ಕದ ಸೌತ್ ಗೇಟ್‌ನಲ್ಲಿ ಖಜಾಂಚಿ ಆಲ್ಬರ್ಟ್ ರೋಬ್ಲೆಸ್ ಕೂಟ ಊರನ್ನು ದಿವಾಳಿ ಅಂಚಿಗೆ ತಂದಿತ್ತು. 2003ರ ಜನವರಿಯಲ್ಲಿ ಮತದಾರರು ಅವರನ್ನು ಕೆಳಗಿಳಿಸಿದರು, ಮುಂದೆ ರೋಬ್ಲೆಸ್ ಜೈಲಿಗೂ ಹೋದರು. ಅದೇ ಸೌತ್ ಗೇಟ್‌ನ ಮಾಜಿ ಮೇಯರ್ ಹೆಕ್ಟರ್ ಡೆ ಲಾ ಟೊರ್ರೆ ಶಾಸಕರಾಗಿ 2005ರಲ್ಲಿ ಒಂದು ಕಾಯ್ದೆ ತಂದರು. ಕೌನ್ಸಿಲ್ ಸದಸ್ಯರು ನಾನಾ ಮಂಡಳಿಗಳ ಹೆಸರಲ್ಲಿ ಹೆಚ್ಚುವರಿ ಭತ್ಯೆ ಎಣಿಸಿಕೊಳ್ಳುವುದಕ್ಕೆ ಅದು ಮಿತಿ ಹೇರಿತು. ಆದರೆ ತನ್ನದೇ ಸನ್ನದು ಇರುವ, ಅಲ್ಲಿನವರು ಚಾರ್ಟರ್ ಸಿಟಿ ಎನ್ನುವ, ನಗರಗಳಿಗೆ ಮಿತಿ ಅನ್ವಯಿಸುವುದಿಲ್ಲ.

ರಾಜ್ಯ ಚಾಪೆ ಕೆಳಗೆ ತೂರಿದರೆ ಬೆಲ್ ರಂಗೋಲಿ ಕೆಳಗೆ ತೂರಿತು. 2005ರ ನವೆಂಬರ್ 29ಕ್ಕೆ ಒಂದು ವಿಶೇಷ ಚುನಾವಣೆ ಇಟ್ಟರು. ಮತಪತ್ರದಲ್ಲಿದ್ದದ್ದು ಅದೊಂದೇ ಪ್ರಶ್ನೆ: ಬೆಲ್ ಚಾರ್ಟರ್ ಸಿಟಿ ಆಗಲಿ ಎನ್ನುತ್ತೀರಾ? ಹಾಗಾದರೆ ಸಂಬಳದ ಮಿತಿ ಕಳಚಿಬೀಳುತ್ತದೆ ಎಂಬುದನ್ನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೌದು ಎಂದವರು 336, ಬೇಡ ಎಂದವರು 54. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕೂ ಹೆಚ್ಚು ಅಂಚೆಯಲ್ಲಿ ಬಂದವು. ಮೂವತ್ತೈದು ಸಾವಿರ ಜನರ ಊರಿನ ಬೀಗದ ಕೈ ಅಷ್ಟರಲ್ಲಿ ಕೈ ಬದಲಾಯಿತು.

ಆಮೇಲೆ ನಡೆದದ್ದು ಬಿಡುಬೀಸಿನ ಲೂಟಿ. ಘನತ್ಯಾಜ್ಯ ಪ್ರಾಧಿಕಾರ, ಹಣಕಾಸು ಪ್ರಾಧಿಕಾರ, ವಸತಿ ಪ್ರಾಧಿಕಾರ ಎಂದು ಮಂಡಳಿಗಳು. ಅವುಗಳ ಸಭೆ ಕೌನ್ಸಿಲ್ ಸಭೆಯ ನಡುವೆಯೇ ಕೆಲವು ನಿಮಿಷಗಳಲ್ಲಿ ಮುಗಿಯುತ್ತಿತ್ತು, ಕೆಲವೊಮ್ಮೆ ನಡೆಯುತ್ತಲೇ ಇರಲಿಲ್ಲ. ಭತ್ಯೆ ಮಾತ್ರ ತಪ್ಪದೆ ಬರುತ್ತಿತ್ತು. 2009ರಲ್ಲಿ ನಡುವೆ ನೇಮಕಗೊಂಡ ಲೊರೆಂಜೊ ವೆಲೆಜ್ ಎಂಬ ಸದಸ್ಯರಿಗೆ ಸಿಗುತ್ತಿದ್ದುದು ವರ್ಷಕ್ಕೆ ಸುಮಾರು 8,000 ಡಾಲರ್. ಅದೇ ಮೇಜಿನ ಸುತ್ತ ಕೂತ ಉಳಿದ ನಾಲ್ವರಿಗೆ ಅದರ ಹನ್ನೆರಡು ಪಟ್ಟು.

ಹಣ ಎಲ್ಲಿಂದ ಬಂತು ಎಂಬುದೇ ಹೊಟ್ಟೆ ಉರಿಸುವ ಭಾಗ. ಬೆಲ್‌ನ ಆಸ್ತಿ ತೆರಿಗೆ ದರ ಸಿರಿವಂತರ ಬೆವರ್ಲಿ ಹಿಲ್ಸ್‌ಗಿಂತ ಹೆಚ್ಚಿತ್ತು. ಅಷ್ಟು ಸಾಲದೆಂದು ರಸ್ತೆಯಲ್ಲೂ ವಸೂಲಿ. 1990ರ ದಶಕದಿಂದ ಕ್ಯಾಲಿಫೋರ್ನಿಯಾದಲ್ಲಿ ಕಾಗದಪತ್ರ ಇಲ್ಲದ ವಲಸಿಗರಿಗೆ ಡ್ರೈವಿಂಗ್ ಲೈಸೆನ್ಸ್ ಕೊಡುತ್ತಿರಲಿಲ್ಲ, 2015ರವರೆಗೂ ಹಾಗೇ ಇತ್ತು. ಕಾರಿಲ್ಲದೆ ಅಲ್ಲಿ ಕೆಲಸಕ್ಕೆ ಹೋಗಲಾಗದು. ಬೆಳಗ್ಗೆ ಕೆಲಸಕ್ಕೆ ಹೊರಟವರನ್ನು ಪೊಲೀಸರು ನಿಲ್ಲಿಸುತ್ತಾರೆ, ಲೈಸೆನ್ಸ್ ಇಲ್ಲ, ಕಾರು ಎಳೆದೊಯ್ಯುವ ಲಾರಿ ಬರುತ್ತದೆ. ಡಬ್ಬಿ, ಮಗುವಿನ ಸೀಟು ಕೈಯಲ್ಲಿ ಹಿಡಿದು ರಸ್ತೆ ಬದಿಯಲ್ಲಿ ನಿಂತವರು ಕಾರು ಬಿಡಿಸಿಕೊಳ್ಳಲು ನಗರಸಭೆಗೇ 300 ಡಾಲರ್ ತೆರಬೇಕು. ಎಳೆದ ಲಾರಿಯವರ ಶುಲ್ಕ ಬೇರೆ.

ಬಯಲಾದದ್ದು ಪಕ್ಕದೂರಿನ ದೆಸೆಯಿಂದ. 2010ರ ಬೇಸಿಗೆಯಲ್ಲಿ ಮೇವುಡ್ ತನ್ನ ಪೊಲೀಸ್ ಇಲಾಖೆ ಮುಚ್ಚಿ, ನೌಕರರನ್ನೆಲ್ಲ ತೆಗೆದು, ಆಡಳಿತವನ್ನು ಬೆಲ್‌ಗೆ ವಹಿಸಲು ಹೊರಟಿತು. ಅದನ್ನು ಬೆನ್ನುಹತ್ತಿದ ಲಾಸ್ ಏಂಜಲೀಸ್ ಟೈಮ್ಸ್‌ನ ಜೆಫ್ ಗಾಟ್ಲೀಬ್ ಮತ್ತು ರುಬೆನ್ ವಿವೆಸ್ ಬೆಲ್‌ನ ಸಂಬಳದ ಕಡತ ಕೇಳಿದರು. ವಿವೆಸ್ ಗ್ವಾಟೆಮಾಲಾದಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಬಂದವರು. ಜುಲೈಯಲ್ಲಿ ವರದಿ ಬಂತು, ಮುಂದಿನ ವರ್ಷ ಪತ್ರಿಕೆಗೆ ಸಾರ್ವಜನಿಕ ಸೇವೆಯ ಪುಲಿಟ್ಜರ್ ಬಂತು.

ವರದಿ ಬಂದ ಮೇಲೆ ಬೆಲ್ ಸುಮ್ಮನಿರಲಿಲ್ಲ. ನೂರಾರು ಜನ ನಗರಸಭೆಗೆ ನುಗ್ಗಿದರು, ಜಾಗ ಸಾಲದೆ ಹೊರಗೂ ನಿಂತರು. ಅಲ್ಲಿ ಹುಟ್ಟಿದ ಸಂಘಟನೆಯ ಹೆಸರು ಬಾಸ್ತಾ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ‘ಸಾಕು’. ಅದರ ಮುಂಚೂಣಿಯಲ್ಲಿದ್ದ ಅಲಿ ಸಾಲೆಹ್ ಲ್ಯಾಟಿನೋ ಅಲ್ಲ. ದಕ್ಷಿಣ ಲೆಬನಾನಿನ ಯಾರೂನ್ ಹಳ್ಳಿಯಿಂದ ಬಂದು ಬೆಲ್‌ನಲ್ಲಿ ನೆಲೆ ಕಂಡ ಸಮುದಾಯದವರು. 2009ರಲ್ಲಿ ಅವರು ಚುನಾವಣೆಗೆ ನಿಂತಾಗ ಉಗ್ರರ ಜತೆ ತಳಕು ಹಾಕಿ ಕರಪತ್ರ ಹಂಚಿದ್ದರು, ಅವರು ಸೋತಿದ್ದರು. ಎರಡೇ ವರ್ಷದಲ್ಲಿ, 2011ರ ಮಾರ್ಚ್‌ನಲ್ಲಿ, ಹಳೆಯ ಸದಸ್ಯರನ್ನು ಭಾರೀ ಬಹುಮತದಿಂದ ಕಿತ್ತೊಗೆದ ಮತದಾರರು ಅದೇ ಸಾಲೆಹ್ ಅವರನ್ನು ಗೆಲ್ಲಿಸಿದರು. ಮುಂದೆ ಅವರು ಮೇಯರ್ ಕೂಡ ಆದರು.

ಸಂಬಳದ ಲೂಟಿ ನ್ಯಾಯಾಲಯಕ್ಕೂ ಹೋಯಿತು. ಆರೋಪಿಗಳಲ್ಲಿ ಜಾರ್ಜ್ ಕೋಲ್ ಎಂಬ ಮಾಜಿ ಕೌನ್ಸಿಲ್ ಸದಸ್ಯರೂ ಇದ್ದರು. ಮುಚ್ಚಿಹೋದ ಉಕ್ಕಿನ ಉದ್ಯಮದ ಕಾರ್ಮಿಕರಾಗಿದ್ದವರು, ಕೆಲಸ ಕಳೆದುಕೊಂಡ ಸಂಗಾತಿಗಳಿಗಾಗಿ ದುಡಿದವರು. ಆ ಸರಣಿಯಲ್ಲಿ ಅವರ ಹೆಸರು ಓದುವುದು ಕಷ್ಟವಾಗುತ್ತದೆ. ಕಟಕಟೆಯಲ್ಲಿದ್ದ ಕೌನ್ಸಿಲ್ ಸದಸ್ಯರಲ್ಲಿ ಪಾದ್ರಿ ಲೂಯಿಸ್ ಆರ್ಟಿಗಾ ಒಬ್ಬರು ಖುಲಾಸೆಯಾದರು. ರಿಜೊಗೆ 2014ರ ಏಪ್ರಿಲ್‌ನಲ್ಲಿ 12 ವರ್ಷ ಜೈಲು, ಅವರ ಸಹಾಯಕಿ ಏಂಜೆಲಾ ಸ್ಪಾಷಿಯಾಗೆ 11 ವರ್ಷ 8 ತಿಂಗಳು.

673 ಡಾಲರಿನ ಆ ಕಾಗದ ನ್ಯಾಯಾಲಯಕ್ಕೂ ಬಂತು. ರಿಜೊ ಹೇಳಿದಂತೆ ತಪ್ಪು ಲೆಕ್ಕ ಕೊಟ್ಟೆ ಎಂದು ನಗರಸಭೆಯ ಗುಮಾಸ್ತೆ ಸಾಕ್ಷಿ ನುಡಿದರು. ಅಷ್ಟರಲ್ಲಿ ರಾಜ್ಯದ ಲೆಕ್ಕನಿಯಂತ್ರಕರು ಕ್ಯಾಲಿಫೋರ್ನಿಯಾದ ಎಲ್ಲ ನಗರಗಳ ಅಧಿಕಾರಿಗಳ, ಸದಸ್ಯರ ಸಂಬಳವನ್ನು ಅಂತರ್ಜಾಲದಲ್ಲಿ ಹಾಕಲು ಶುರುಮಾಡಿದ್ದರು. ಇಂದು ಬೆಲ್‌ನ ಯಾರೇ ಆಗಲಿ ಮೊಬೈಲ್‌ನಲ್ಲೇ ಅದನ್ನು ನೋಡಬಹುದು, ಯಾರ ಬಳಿಯೂ ಕಾಗದ ಕೇಳಬೇಕಿಲ್ಲ.