ಲಿನಕ್ಸ್ ಸೇವೆಗಳ ಆರಂಭಕ್ರಮ: ಸರದಿ ಬೇರೆ, ಅವಲಂಬನೆ ಬೇರೆ

ಕಾಸರಗೋಡಿನ ಶಾಲೆಗಳಲ್ಲಿ ಕಲಿತವರಿಗೆ ಉಬುಂಟು ಲಿನಕ್ಸ್ ಆಧಾರಿತ ವ್ಯವಸ್ಥೆ ಹೊಸದಲ್ಲವಾದರೂ, ಲಾಗಿನ್ ಪರದೆ ಮೂಡುವ ಮೊದಲು ಯಾವ ಸೇವೆ (ಹಿನ್ನೆಲೆಯಲ್ಲಿ ಓಡುವ ತಂತ್ರಾಂಶ) ಯಾವುದಕ್ಕಾಗಿ ಕಾಯುತ್ತದೆ ಎಂಬುದನ್ನು ಗಮನಿಸುವ ಸಂದರ್ಭ ಕಡಿಮೆ. ಸೇವೆಗಳನ್ನು ಆರಂಭಿಸುವ ಹಳೆಯ ಸಿಸ್ಟಮ್ ಫೈವ್ ಪದ್ಧತಿಯಲ್ಲಿ ಸ್ಕ್ರಿಪ್ಟಿನ (ಆಜ್ಞೆಗಳ ಕಡತದ) ಹೆಸರಿನಲ್ಲಿದ್ದ ಅಂಕಿಯೇ ಸರದಿಯನ್ನು ಹೇಳುತ್ತಿತ್ತು. 2010ರಲ್ಲಿ ಬಂದು, ಉಬುಂಟುವಿನಲ್ಲಿ 15.04ನೆಯ ಆವೃತ್ತಿಯಿಂದ ನೆಲೆಯೂರಿದ, ಆರಂಭವನ್ನು ನಿರ್ವಹಿಸುವ ತಂತ್ರಾಂಶವಾದ ಸಿಸ್ಟಮ್‌ಡಿ ಸೇವೆಗಳನ್ನು ಆದಷ್ಟು ಏಕಕಾಲಕ್ಕೆ ಎಬ್ಬಿಸುವುದರಿಂದ, ಸರದಿ ಬೇಕಾದಲ್ಲಿ ನಾವೇ ಬರೆದು ತಿಳಿಸಬೇಕಾಗುತ್ತದೆ.

ಬದಿಯಡ್ಕದ ಒಂದು ಗ್ರಂಥಾಲಯದಲ್ಲಿ ಪುಸ್ತಕಪಟ್ಟಿಯ ತಂತ್ರಾಂಶವು ಅದೇ ಯಂತ್ರದ ಮರಿಯಾಡಿಬಿ ಡೇಟಾಬೇಸನ್ನು ಆಶ್ರಯಿಸಿದೆ ಎಂದಿಟ್ಟುಕೊಳ್ಳೋಣ. ಪಟ್ಟಿಯ ಯುನಿಟ್ ಕಡತದಲ್ಲಿ (ಸೇವೆಯನ್ನು ಹೇಗೆ ಆರಂಭಿಸಬೇಕೆಂದು ತಿಳಿಸುವ ಕಡತ) ಡೇಟಾಬೇಸನ್ನು ‘ರಿಕ್ವೈರ್ಸ್’ ಸಾಲಿನಲ್ಲಷ್ಟೇ ಹೆಸರಿಸಿದರೆ ಡೇಟಾಬೇಸನ್ನೂ ಆರಂಭಿಸಲು ಆಜ್ಞೆಯಾಗುತ್ತದೆಯೇ ಹೊರತು ಅದಕ್ಕಾಗಿ ಕಾಯುವುದಿಲ್ಲ. ಎರಡೂ ಒಟ್ಟಿಗೆ ಹೊರಡುತ್ತವೆ. ‘ಆಫ್ಟರ್’ ಎಂದಷ್ಟೇ ಬರೆದರೆ, ಎರಡೂ ಆರಂಭವಾಗಲಿದ್ದಾಗ ಸರದಿ ಪಾಲನೆಯಾಗುತ್ತದೆ, ಆದರೆ ಡೇಟಾಬೇಸನ್ನು ಯಾರೂ ಕರೆಯದಿದ್ದರೆ ಪಟ್ಟಿ ತಾನೊಂದೇ ಏಳುತ್ತದೆ. ಆದ್ದರಿಂದ ಇಲ್ಲಿ ಎರಡೂ ಸಾಲುಗಳು ಬೇಕು. ಡೇಟಾಬೇಸ್ ವಿಫಲವಾದರೂ ಸೇವೆ ನಡೆಯಬಹುದಾದ ಕಡೆ ‘ರಿಕ್ವೈರ್ಸ್’ ಬದಲು ಸಡಿಲವಾದ ‘ವಾಂಟ್ಸ್’ ಸಾಕು. ಹೆಚ್ಚಿನ ಸಂದರ್ಭಗಳಲ್ಲಿ ಅದೇ ಜಾಣತನ. ಯಂತ್ರವನ್ನು ನಿಲ್ಲಿಸುವಾಗ ‘ಆಫ್ಟರ್’ ಕ್ರಮ ತಿರುಗುಮುರುಗಾಗಿ, ಮೊದಲು ಪಟ್ಟಿ, ಬಳಿಕ ಡೇಟಾಬೇಸ್ ನಿಲ್ಲುತ್ತದೆ.

‘ಆರಂಭವಾಯಿತು’ ಎಂದರೇನು ಎಂಬುದೂ ಇಲ್ಲಿ ಮುಖ್ಯ. ಮೊದಲು ಏಳಬೇಕಾದ ಸೇವೆಯ ಯುನಿಟ್ ಕಡತದ ‘ಟೈಪ್’ ಸಾಲಿನಲ್ಲಿ ‘ಸಿಂಪಲ್’ ಎಂದಿದ್ದರೆ ಪ್ರಕ್ರಿಯೆ ಹುಟ್ಟಿದ ಕೂಡಲೇ ಸಿಸ್ಟಮ್‌ಡಿ ಮುಂದಿನದಕ್ಕೆ ಹೋಗುತ್ತದೆ. ‘ನೋಟಿಫೈ’ ಎಂದಿದ್ದರೆ ಸೇವೆ ತಾನೇ ಸಿದ್ಧವೆಂದು ತಿಳಿಸುವವರೆಗೆ ಕಾಯುತ್ತದೆ. ಮರಿಯಾಡಿಬಿ ಎರಡನೆಯ ಬಗೆಯದ್ದಾದ್ದರಿಂದ ನಮ್ಮ ಉದಾಹರಣೆಯಲ್ಲಿ ಸರದಿಗೆ ಅರ್ಥವಿದೆ.

ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ರೂಟರಿಗಿಂತ ಮೊದಲೇ ಕಂಪ್ಯೂಟರ್ ಎದ್ದು ಕೂರುವುದುಂಟು. ಆಗ ‘ನೆಟ್‌ವರ್ಕ್ ಟಾರ್ಗೆಟ್’ (ಟಾರ್ಗೆಟ್ ಎಂದರೆ ಆರಂಭದ ಒಂದು ಹಂತ) ನಂತರ ಎಂದು ಬರೆದರೆ ಪ್ರಯೋಜನವಿಲ್ಲ, ಏಕೆಂದರೆ ಜಾಲನಿರ್ವಹಣೆಯ ತಂತ್ರಾಂಶ ಶುರುವಾಗಿದೆ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಜಾಲದ ವಿಳಾಸ ಸಿಗುವವರೆಗೆ ಕಾಯಬೇಕಾದ ಸೇವೆಗೆ ‘ನೆಟ್‌ವರ್ಕ್ ಆನ್‌ಲೈನ್ ಟಾರ್ಗೆಟ್’ ಅನ್ನು ‘ವಾಂಟ್ಸ್’ ಮತ್ತು ‘ಆಫ್ಟರ್’ ಎರಡರಲ್ಲೂ ಹೆಸರಿಸಬೇಕು. ಆ ಕಾಯುವಿಕೆಗೂ ಕಾಲಮಿತಿ ಇರುವುದರಿಂದ, ಸೇವೆಯು ವಿಫಲವಾದರೆ ಮತ್ತೆ ಪ್ರಯತ್ನಿಸುವಂತೆ ‘ರೀಸ್ಟಾರ್ಟ್’ ಸಾಲನ್ನೂ ಸೇರಿಸುವುದು ಒಳ್ಳೆಯದು.

ಪ್ಯಾಕೇಜಿನೊಂದಿಗೆ ಬಂದ ಮೂಲ ಯುನಿಟ್ ಕಡತವನ್ನು ತಿದ್ದಬಾರದು. ಪ್ಯಾಕೇಜ್ ನವೀಕರಣದಲ್ಲಿ ತಿದ್ದುಪಡಿ ಅಳಿಸಿಹೋಗಬಹುದು. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಆಜ್ಞೆ ನಮ್ಮ ಸಾಲುಗಳನ್ನು ಪ್ರತ್ಯೇಕ ಕಡತದಲ್ಲಿಡುತ್ತದೆ. ಬಳಿಕ ಯಂತ್ರವನ್ನು ಮರುಆರಂಭಿಸಿ, ‘ಸಿಸ್ಟಮ್‌ಡಿ ಅನಲೈಸ್ ಕ್ರಿಟಿಕಲ್ ಚೈನ್’ ಎಂಬುದಕ್ಕೆ ಸೇವೆಯ ಹೆಸರು ಕೊಟ್ಟರೆ, ಅದು ಯಾವುದರ ಹಿಂದೆ ಎಷ್ಟು ಹೊತ್ತು ಕಾದಿತ್ತು ಎಂಬುದು ಕಾಣುತ್ತದೆ.